ಬ್ಯೂಲಿಯ ಬಯಲಿನಲ್ಲಿ ಹಳೆಯ ಕಾರಿನ ಬೆಲೆ

ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಸಮೀಪದಲ್ಲಿ, ಹ್ಯಾಂಪ್‌ಶೈರ್ ಪ್ರಾಂತದಲ್ಲಿ, ‘ನ್ಯೂ ಫಾರೆಸ್ಟ್’ ಎಂಬ ವಿಶಾಲವಾದ ಅರಣ್ಯಪ್ರದೇಶವಿದೆ. ಹೆಸರಿನಲ್ಲಿ ಹೊಸತೆಂದಿದ್ದರೂ ಇದು ಒಂಬತ್ತು ಶತಮಾನಗಳಿಗೂ ಮಿಗಿಲಾದ ಇತಿಹಾಸವುಳ್ಳ ಕಾಡು. ನಾರ್ಮನ್ ದೊರೆ ಮೊದಲನೆಯ ವಿಲಿಯಂ ತನ್ನ ಬೇಟೆಗಾಗಿ ಕಾಯ್ದಿರಿಸಿದ ನೆಲ. ನಮ್ಮ ಸಹ್ಯಾದ್ರಿಯ ದಟ್ಟ ಕಾನನವನ್ನು ಕಂಡವರಿಗೆ ಇದು ಕಾಡೆಂದೇ ತೋರದು. ಕುರುಚಲು ಗಿಡಗಳ ಬಯಲು, ನಡುನಡುವೆ ಓಕ್ ಮತ್ತು ಬೀಚ್ ಮರಗಳ ತೋಪು, ಅಲ್ಲಲ್ಲಿ ಜೌಗುನೆಲ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಬ್ರಾಕನ್‌ಹರ್ಸ್ಟ್ ಎಂಬ ಊರು ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ಆರೇಳು ಮೈಲಿ ಸಾಗಿದರೆ ಬ್ಯೂಲಿ. ದಾರಿಯುದ್ದಕ್ಕೂ ಗಿಡ್ಡ ತಳಿಯ ಕುದುರೆಗಳು ನಡುರಸ್ತೆಯಲ್ಲೇ ನಿಂತಿರುತ್ತವೆ. ಅವು ಕಾಡುಕುದುರೆಗಳಲ್ಲ, ಪ್ರತಿಯೊಂದಕ್ಕೂ ಒಡೆಯನುಂಟು. ಹಿಂದಿನಿಂದ ಬಂದ ಗೋಮಾಳದ ಹಕ್ಕಿನಿಂದ ರೈತರು ಅವುಗಳನ್ನು ಮೇಯಲು ಬಿಟ್ಟಿರುತ್ತಾರೆ. ಎಷ್ಟೇ ಬೆಲೆಯ ಕಾರಾದರೂ ಅವು ಸರಿದು ದಾರಿ ಕೊಡುವವರೆಗೆ ಕಾಯಲೇಬೇಕು.

ಬ್ಯೂಲಿ ಎಂಬುದು ಫ್ರೆಂಚ್ ಮೂಲದ ಹೆಸರು. ‘ಸುಂದರವಾದ ಸ್ಥಳ’ ಎಂದು ಅದರ ಅರ್ಥ. 1204ರ ಸುಮಾರಿಗೆ ದೊರೆ ಜಾನನು ಇಲ್ಲಿ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳಿಗಾಗಿ ಒಂದು ಮಠವನ್ನು ಸ್ಥಾಪಿಸಿದನು. ದುಡಿಮೆಯನ್ನೂ ಪ್ರಾರ್ಥನೆಯನ್ನೂ ಸಮಾನವಾಗಿ ಕಂಡ ಆ ಸನ್ಯಾಸಿಗಳು ಹೊಲ ಉತ್ತು, ಕುರಿ ಸಾಕಿ, ಮುನ್ನೂರು ವರ್ಷಕ್ಕೂ ಮಿಕ್ಕಿ ಇಲ್ಲಿ ಬಾಳಿದರು. 1538ರಲ್ಲಿ ಎಂಟನೆಯ ಹೆನ್ರಿ ದೊರೆಯ ಆಜ್ಞೆಯಂತೆ ಮಠವನ್ನು ಮುಚ್ಚಲಾಯಿತು. ಮಠದ ಮಹಾಮಂದಿರವನ್ನು ಕೆಡವಿ, ಅದರ ಕಲ್ಲು ಸೀಸಗಳನ್ನು ಸಮುದ್ರತೀರದ ಕೋಟೆಗಳ ನಿರ್ಮಾಣಕ್ಕೆ ಸಾಗಿಸಿದರು. ಇಂದು ಮಂದಿರವಿದ್ದ ಜಾಗದಲ್ಲಿ ಹುಲ್ಲುಹಾಸಿದೆ. ಸನ್ಯಾಸಿಗಳು ಊಟ ಮಾಡುತ್ತಿದ್ದ ದಾಸೋಹದ ಪಡಸಾಲೆ ಉಳಿದು, ಊರಿನ ಚರ್ಚಾಗಿ ಬಳಕೆಯಲ್ಲಿದೆ. ಮಠದ ಹೆಬ್ಬಾಗಿಲ ಕಟ್ಟಡವೇ ಮುಂದೆ ಮಾಂಟೇಗು ಮನೆತನದ ಅರಮನೆಯಾಯಿತು. ಮಠವೊಂದರಲ್ಲಿ ವಿದ್ಯೆ ಕಲಿತ ನನ್ನಂಥವನಿಗೆ ಆ ಬರಿಯ ಹುಲ್ಲುಹಾಸಿನ ಮುಂದೆ ನಿಂತಾಗ ಮನಸ್ಸು ಭಾರವಾಗದೆ ಇರಲಿಲ್ಲ. ಇಡಿಯಾಗಿದ್ದಾಗ ಬೆಲೆ ಕಟ್ಟಲಾಗದ ವಸ್ತುವನ್ನು ಬಿಡಿಬಿಡಿಯಾಗಿಸಿ ಕಲ್ಲಿಗಿಷ್ಟು, ಸೀಸಕ್ಕಿಷ್ಟು ಎಂದು ಎಣಿಸಿದ ಕಾಲ ಅದು.

ಮಠದ ಅಂಗಳದಲ್ಲಿ ಮೋಟಾರು

ಇದೇ ಅಂಗಳದಲ್ಲಿ ಈಗ ಇಂಗ್ಲೆಂಡಿನ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯವಿದೆ. ಇದರ ಹಿನ್ನೆಲೆ ಸ್ವಾರಸ್ಯಕರವಾದುದು. ಮಾಂಟೇಗು ಮನೆತನದ ಜಾನ್ ಎಂಬವರು ಆ ದೇಶದಲ್ಲಿ ಮೋಟಾರು ಬಂದ ಹೊಸತರಲ್ಲಿ ಅದರ ಪರವಾಗಿ ವಾದಿಸಿದವರು. 1902ರಲ್ಲಿ ಕಾರುಗಳಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತ ಸರ್ಕಾರಕ್ಕೆ ಯಂತ್ರವಾಹನಗಳ ಸಲಹೆಗಾರರಾಗಿ ಅವರು ನಮ್ಮ ದೇಶಕ್ಕೆ ಹೊರಟಿದ್ದರು. 1915ರ ಡಿಸೆಂಬರ್ 30ರಂದು ಅವರಿದ್ದ ‘ಪರ್ಷಿಯಾ’ ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಮುಳುಗಿಸಿತು. ಮುನ್ನೂರಕ್ಕೂ ಹೆಚ್ಚು ಜನ ಜಲಸಮಾಧಿಯಾದರು. ಜಾನ್ ಬದುಕಿ ಉಳಿದರು. ಅವರ ಕಾರ್ಯದರ್ಶಿ ಎಲಿನಾರ್ ಥಾರ್ನ್‌ಟನ್ ಉಳಿಯಲಿಲ್ಲ. ರೋಲ್ಸ್ ರಾಯ್ಸ್ ಕಾರಿನ ಮೂತಿಯ ಮೇಲೆ ಮುಂಬಾಗಿ ನಿಂತಿರುವ ಸ್ತ್ರೀಮೂರ್ತಿಗೆ ಆಕೆಯೇ ರೂಪದರ್ಶಿ ಎಂದು ಬಹುಕಾಲದಿಂದ ನಂಬಿಕೆಯಿದೆ. ಜಾನರ ಮಗ ಎಡ್ವರ್ಡ್ 1952ರಲ್ಲಿ ತಂದೆಯ ನೆನಪಿಗಾಗಿ ಅರಮನೆಯ ಮುಂಗೋಣೆಯಲ್ಲಿ ಕೆಲವೇ ಹಳೆಯ ಕಾರುಗಳನ್ನಿಟ್ಟು ಪ್ರದರ್ಶನ ಆರಂಭಿಸಿದರು. ಅದೇ ಬೆಳೆದು, 1972ರಲ್ಲಿ ಸ್ವಂತ ಕಟ್ಟಡ ಪಡೆದು, ಇಂದು ಇನ್ನೂರೈವತ್ತಕ್ಕೂ ಹೆಚ್ಚು ವಾಹನಗಳ ಸಂಗ್ರಹವಾಗಿದೆ.

ಪ್ರತಿ ಸೆಪ್ಟೆಂಬರಿನಲ್ಲಿ ಇಲ್ಲಿಯ ಬಯಲಿನಲ್ಲಿ ‘ಆಟೋಜಂಬಲ್’ ಎಂಬ ಸಂತೆ ಕೂಡುತ್ತದೆ. 1967ರಲ್ಲಿ ಆರಂಭವಾದ ಈ ಸಂತೆಯಲ್ಲಿ ಹಳೆಯ ಕಾರುಗಳ ದೀಪ, ಚಕ್ರ, ಕೀಲು, ಹಲ್ಲುಗಾಲಿ, ಕೈಪಿಡಿ, ತುಕ್ಕುಹಿಡಿದ ಫಲಕ, ಹೀಗೆ ಸಾಮಾನ್ಯರ ಕಣ್ಣಿಗೆ ಗುಜರಿ ಎನಿಸುವ ಸಮಸ್ತವೂ ಮಾರಾಟಕ್ಕಿರುತ್ತದೆ. ಒಂದು ಪಕ್ಕದಲ್ಲಿ ಹಳೆಯ ಕಾರುಗಳೇ ಸಾಲಾಗಿ ನಿಂತಿರುತ್ತವೆ. ಅದನ್ನು ಕಂಡಾಗ ನನಗೆ ನೆನಪಾದುದು ನಮ್ಮ ಕಡೆಯ ದನದ ಜಾತ್ರೆ. ಅಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಇಲ್ಲಿ ಟವೆಲಿಲ್ಲ, ಉಳಿದುದೆಲ್ಲ ಅದೇ.

ಪಾಲಿನ ಪ್ರಶ್ನೆ

2024ರ ಸೆಪ್ಟೆಂಬರಿನಲ್ಲಿ ನಾನು ಈ ಸಂತೆಗೆ ಹೋದುದು ಕುತೂಹಲದಿಂದ ಮಾತ್ರವಲ್ಲ. ನನಗೆ ಅಣ್ಣನ ಸಮಾನರಾಗಿದ್ದ, ಧಾರವಾಡದ ಕಡೆಯ ವೈದ್ಯರೊಬ್ಬರು ಸೌತಾಂಪ್ಟನ್ನಿನಲ್ಲಿ ನೆಲೆಸಿ, ಎರಡು ವರ್ಷಗಳ ಹಿಂದೆ ಲಿಂಗೈಕ್ಯರಾಗಿದ್ದರು. ಅವರು 1982ರಲ್ಲಿ ಕೈಬದಲಾಗಿ ಕೊಂಡ ಒಂದು ಕಾರು ಮನೆಯಲ್ಲಿತ್ತು: 1971ರ ‘ಎಂಜಿಬಿ ರೋಡ್‌ಸ್ಟರ್’, ಇಬ್ಬರು ಕೂರುವ, ಮೇಲ್ಹೊದಿಕೆಯನ್ನು ಮಡಚಿಡಬಹುದಾದ ಕೆಂಪು ಕಾರು. ವೈದ್ಯರ ಉಯಿಲಿನಂತೆ ಆಸ್ತಿಯೆಲ್ಲ ಮಗನಿಗೂ ಮಗಳಿಗೂ ಸರಿಪಾಲು. ಕಾರನ್ನು ಮಗ ಇಟ್ಟುಕೊಂಡು, ಅದರ ಅರ್ಧ ಬೆಲೆಯನ್ನು ತಂಗಿಗೆ ಕೊಡುವುದೆಂದು ಮಾತಾಗಿತ್ತು. ಆದರೆ ಬೆಲೆ ಎಷ್ಟು? ಮನೆಗೆ ಬಂದು ನೋಡಿದ ವ್ಯಾಪಾರಿಯೊಬ್ಬನು 5,000 ಪೌಂಡು ಎಂದಿದ್ದನು. ವಿಮೆಯ ಕಾಗದದಲ್ಲಿ 18,000 ಪೌಂಡು ಎಂದಿತ್ತು. ಮಗ ಮೊದಲನೆಯದನ್ನು ಹಿಡಿದರೆ ಅಳಿಯ ಎರಡನೆಯದನ್ನು ಹಿಡಿದಿದ್ದರು. ಮಗಳು ‘ನನಗೇನೂ ಬೇಡ’ ಎಂದು ಸುಮ್ಮನಾಗಿದ್ದಳು. ಆ ಮೌನವೇ ಎಲ್ಲಕ್ಕಿಂತ ಭಾರವಾಗಿತ್ತು.

ವೈನಿಯವರು ನನ್ನನ್ನು ಕರೆದು, “ಶಾಸ್ತ್ರಿಗಳ, ಹತ್ತು ಪೌಂಡು ಹೆಚ್ಚುಕಡಿಮೆ ಆದ್ರ ಚಿಂತಿಲ್ಲ. ಆದ್ರ ಅಣ್ಣ ಮೋಸ ಮಾಡಿದ ಅಂತ ತಂಗಿ, ತಂಗಿ ಹೆಚ್ಚಿಗಿ ಕಿತ್ಕೊಂಡ್ಲು ಅಂತ ಅಣ್ಣ, ಮುಂದ ಯಾವತ್ತೂ ಅನ್ನಬಾರದು. ನೀವು ಹಿರಿಯಾರು, ಕುಂತು ಬಗಿಹರಿಸ್ರಿ” ಎಂದರು. ನಮ್ಮ ಹಳ್ಳಿಗಳಲ್ಲಿ ಮನೆ ಪಾಲಾಗುವಾಗ ಹಿರಿಯರು ಕುಳಿತು ಹೊಲಕ್ಕೆ, ಬಣವೆಗೆ, ಎತ್ತಿಗೆ ಬೆಲೆ ಕಟ್ಟುವುದುಂಟು. ಆದರೆ ಬೆಲೆ ಕಟ್ಟುವವನಿಗೆ ವಸ್ತುವಿನ ಅರಿವಿರಬೇಕು. ಆದ್ದರಿಂದ ಈ ಬಗೆಯ ಕಾರುಗಳನ್ನೇ ನಾಲ್ಕು ದಶಕ ದುರಸ್ತಿ ಮಾಡಿ ನಿವೃತ್ತರಾದ ಒಬ್ಬ ಆಂಗ್ಲ ಕುಶಲಿಯನ್ನು ಬ್ಯೂಲಿಯಲ್ಲಿ ಕಾಣುವುದೆಂದೂ, ಅಲ್ಲಿ ಮಾರಾಟಕ್ಕಿರುವ ಕಾರುಗಳೊಡನೆ ನಮ್ಮದನ್ನು ಹೋಲಿಸುವುದೆಂದೂ ನಿಶ್ಚಯಿಸಿದೆವು. ಮಗನೇ ಕಾರನ್ನು ಓಡಿಸಿಕೊಂಡು ಬಂದನು. ಮಗಳೂ ಅಳಿಯನೂ ಹಿಂದಿನಿಂದ ಬಂದರು.

ಕಾರಿನ ಕುಲಗೋತ್ರ

ಎಂಜಿ ಎಂಬುದು ಆಕ್ಸ್‌ಫರ್ಡಿನ ‘ಮಾರಿಸ್ ಗ್ಯಾರೇಜಸ್’ ಎಂಬ ಹೆಸರಿನ ಮೊದಲಕ್ಷರಗಳು. 1929ರಿಂದ 1980ರವರೆಗೆ ಇದರ ಕಾರ್ಖಾನೆ ಥೇಮ್ಸ್ ತೀರದ ಆಬಿಂಗ್‌ಡನ್ ಎಂಬ ಊರಿನಲ್ಲಿತ್ತು. ಅದೂ ಪುರಾತನ ಮಠವೊಂದರ ಊರು. ಆ ಮಠವನ್ನೂ ಮುಚ್ಚಿದ್ದು 1538ರಲ್ಲಿಯೇ. 1962ರಿಂದ 1980ರವರೆಗೆ ಅಲ್ಲಿ ತಯಾರಾದ ಎಂಜಿಬಿ ಕಾರುಗಳು, ಸ್ಥಿರವಾದ ಮಾಡುಳ್ಳವೂ ಸೇರಿ, 5 ಲಕ್ಷಕ್ಕೂ ಹೆಚ್ಚು. ಬೆಲೆಯ ವಿಚಾರದಲ್ಲಿ ಮೊದಲು ತಿಳಿಯಬೇಕಾದುದು ಇದನ್ನೇ. ಅಷ್ಟು ಸಂಖ್ಯೆಯಲ್ಲಿ ಹುಟ್ಟಿದ ವಸ್ತು ಎಷ್ಟೇ ಹಳೆಯದಾದರೂ ದುರ್ಲಭವಾಗದು. ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ ಎಂಬುದು ಅದರ ಲಾಭ. ಬೆಲೆ ಗಗನಕ್ಕೇರದು ಎಂಬುದು ಅದರ ಮಿತಿ. ಹಳೆಯದೆಲ್ಲ ಅಮೂಲ್ಯವೆಂಬ ಭ್ರಮೆಯನ್ನು ಈ ಒಂದು ಸಂಖ್ಯೆಯೇ ನೀಗಿಸುತ್ತದೆ.

ಒಂದೇ ಹೆಸರಿನ ಕಾರುಗಳಲ್ಲಿಯೂ ತಾರತಮ್ಯವುಂಟು. 1974ರವರೆಗಿನವಕ್ಕೆ ಹೊಳೆಯುವ ಲೋಹದ ಬಂಪರುಗಳಿವೆ. ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಆ ವರ್ಷದ ಕೊನೆಯ ಭಾಗದಿಂದ ದಪ್ಪನೆಯ ಕಪ್ಪು ಬಂಪರುಗಳನ್ನು ಅಳವಡಿಸಿ, ಕಾರನ್ನು ನೆಲದಿಂದ ತುಸು ಎತ್ತರಿಸಿದರು. ನೋಟಕ್ಕೂ ತಿರುವಿನಲ್ಲಿನ ಓಟಕ್ಕೂ ಇದರಿಂದ ಕುಂದಾಯಿತೆಂಬುದು ಬಲ್ಲವರ ಅಭಿಪ್ರಾಯ. ಆದ್ದರಿಂದ ಮೊದಲಿನವಕ್ಕೇ ಸಾಮಾನ್ಯವಾಗಿ ಬೆಲೆ ಹೆಚ್ಚು. ನಮ್ಮ ಕಾರು ಆ ಮೊದಲಿನ ಗುಂಪಿಗೆ ಸೇರಿದ್ದು ಎಂದಾಗ ಅಳಿಯನ ಮುಖ ಅರಳಿತು.

ಹೊಳಪಿನ ಹಿಂದೆ

ಕುಶಲಿಯವರು ಬಂದವರೇ ಎಂಜಿನ್ನಿನ ಮುಚ್ಚಳವನ್ನು ತೆರೆಯಲಿಲ್ಲ. ನೆಲದ ಮೇಲೆ ಮಲಗಿ ಬಾಗಿಲಿನ ಕೆಳಗೆ ಟಾರ್ಚು ಬಿಟ್ಟರು. ಅದರ ಕಾರಣವನ್ನು ಅವರು ವಿವರಿಸಿದರು. ಹಿಂದಿನ ಕಾರುಗಳಲ್ಲಿ ಬಲವಾದ ಉಕ್ಕಿನ ಚೌಕಟ್ಟಿನ ಮೇಲೆ ಮೈಯನ್ನು ಕೂರಿಸುತ್ತಿದ್ದರು. ಎಂಜಿಬಿಯಲ್ಲಿ ಪ್ರತ್ಯೇಕ ಚೌಕಟ್ಟಿಲ್ಲ. ತಗಡಿನ ಮೈಯೇ ಅಸ್ಥಿಪಂಜರ. ಮಾಡುಳ್ಳ ಕಾರಿನಲ್ಲಿ ಭಾರವನ್ನು ಮಾಡೂ ಹಂಚಿಕೊಳ್ಳುತ್ತದೆ. ಮಾಡಿಲ್ಲದ ಕಾರಿನಲ್ಲಿ ಆ ಹೊಣೆಯೆಲ್ಲ ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ‘ಸಿಲ್’ ಎಂಬ ಪೆಟ್ಟಿಗೆಯಾಕಾರದ ತೊಲೆಗಳ ಮೇಲೆ ಬೀಳುತ್ತದೆ. ಮಡಚುವ ಹೊದಿಕೆಯ ಸಂದುಗಳಿಂದ ಇಳಿದ ಮಳೆನೀರು ಕಾಲಡಿಯ ತಗಡಿನಲ್ಲಿ ನಿಂತರೆ, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ ಉಪ್ಪು ಕೆಳಗಿನಿಂದ ಸಿಡಿದರೆ, ಒಳಗಿನಿಂದಲೂ ಹೊರಗಿನಿಂದಲೂ ತುಕ್ಕು ಈ ತೊಲೆಗಳನ್ನೇ ತಿನ್ನುತ್ತದೆ. ತೊಲೆ ಸವೆದ ಕಾರು ನಡುವಿನಲ್ಲಿ ಕುಸಿಯುತ್ತದೆ. ಆಗ ಬಾಗಿಲಿನ ಸಂದು ಮೇಲ್ಭಾಗದಲ್ಲಿ ಕಿರಿದಾಗುತ್ತದೆ.

ಅವರು ಜಾಕ್ ಇಟ್ಟು ಕಾರನ್ನು ಒಂದು ಬದಿಯಿಂದ ಎತ್ತಿ, ಬಾಗಿಲನ್ನು ತೆರೆದು ಮುಚ್ಚಿ ನೋಡಿದರು. ಬಲಬದಿ ಸರಿಯಾಗಿತ್ತು. ಎಡಬದಿಯ ಬಾಗಿಲು ಎತ್ತಿದಾಗ ಬಿಗಿಯಾಗಿ, ಮುಚ್ಚಲು ತಡವರಿಸಿತು. ಅಲ್ಲಿ ತುಕ್ಕು ಹಿಡಿದ ಹಳೆಯ ತೊಲೆಯನ್ನು ಕತ್ತರಿಸಿ ತೆಗೆಯದೆ, ಅದರ ಮೇಲೆಯೇ ಹೊಸ ತಗಡನ್ನು ಹೊದಿಸಿ, ಬೆಸೆದು, ಬಣ್ಣ ಬಳಿಯಲಾಗಿತ್ತು. ಕಡತದಲ್ಲಿ 1994ರ ಟಿಂಕರಿಂಗ್ ಬಿಲ್ಲು ಇತ್ತು. ವೈದ್ಯರು ಪೂರ್ಣ ಹಣ ತೆತ್ತಿದ್ದರು. ಗ್ಯಾರೇಜಿನವರು ಅರ್ಧ ಕೆಲಸ ಮಾಡಿದ್ದರು. ರೋಗಿಯ ಮೈಮೇಲಿನ ಬಣ್ಣ ನೋಡಿ ಕಾಯಿಲೆ ಇಲ್ಲವೆಂದು ಎಂದೂ ಹೇಳದ ಆ ವೈದ್ಯರಿಗೆ ಈ ಮಾತು ತಿಳಿಯದೆಯೇ ಹೋಯಿತಲ್ಲ ಎಂದು ಮಗಳು ನೊಂದುಕೊಂಡಳು.

ಪುಟ್ಟಿ ತುಂಬಿದ ಜಾಗವನ್ನು ಕಂಡುಹಿಡಿಯಲು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಯುದ್ದಕ್ಕೂ ಸರಿಸುತ್ತಾರೆ. ತಗಡಿದ್ದಲ್ಲಿ ಅಂಟುತ್ತದೆ, ಪುಟ್ಟಿ ಇದ್ದಲ್ಲಿ ಜಾರುತ್ತದೆ. ಇಲ್ಲಿಯೂ ತಿಳಿವಳಿಕೆ ಬೇಕು. 1960ರ ದಶಕದ ಎಂಜಿಬಿಗಳ ಎಂಜಿನ್ ಮುಚ್ಚಳ ಅಲ್ಯುಮಿನಿಯಮ್ಮಿನದು. ಅಲ್ಲಿ ಅಯಸ್ಕಾಂತ ಅಂಟದಿದ್ದರೆ ಅದು ದೋಷವಲ್ಲ, ಮೂಲದ ಗುರುತು. ಅರೆಜ್ಞಾನವುಳ್ಳ ಪರೀಕ್ಷಕನು ಅಲ್ಲಿ ಒಳ್ಳೆಯದನ್ನೇ ಕೆಟ್ಟದ್ದೆಂದು ಬಗೆದಾನು.

ಕೊನೆಯಲ್ಲಿ ಎಂಜಿನ್ನಿನ ಸರದಿ. 1798 ಸಿಸಿಯ ಆ ಎಂಜಿನ್ ಸರಳವೂ ಗಟ್ಟಿಯೂ ಆದುದು. ಕಾವೇರಿದ ಬಳಿಕ ಎಣ್ಣೆಯ ಒತ್ತಡ ಕುಸಿಯುವುದೇ, ಹೊಗೆ ನೀಲಿಯೇ, ತಂತಿಚಕ್ರಗಳ ಹಲ್ಲು ಸವೆದು ಕಾರು ಹೊರಡುವಾಗ ‘ಟಕ್’ ಎನ್ನುವುದೇ, ಓವರ್‌ಡ್ರೈವ್ ಹಿಡಿಯುವುದೇ, ಇಷ್ಟನ್ನು ಓಡಿಸಿ ನೋಡಿದರು. ಎಲ್ಲವೂ ನೆಟ್ಟಗಿತ್ತು. ಎಂಜಿನ್ ಕೆಟ್ಟರೆ ಬಿಚ್ಚಿ ಬದಲಾಯಿಸುವುದು ಸುಲಭ. ಮೈ ಕೆಟ್ಟರೆ ಕತ್ತರಿಸಿ ಬೆಸೆಯುವ ಕೂಲಿಯೇ ಕಾರಿನ ಬೆಲೆಯನ್ನು ನುಂಗುತ್ತದೆ ಎಂಬುದು ಅವರ ಅನುಭವದ ಮಾತು. 1988ರಿಂದ ಎಂಜಿಬಿಯ ಇಡೀ ಮೈಯನ್ನೇ ಮೂಲ ಅಚ್ಚುಗಳಿಂದ ಮತ್ತೆ ತಯಾರಿಸಿ ಮಾರುತ್ತ ಬಂದಿದ್ದಾರೆ. ಆದರೆ ಅದನ್ನು ಕೊಂಡು, ಹಳೆಯ ಭಾಗಗಳನ್ನು ಕೂಡಿಸಿ, ಬಣ್ಣ ಬಳಿಸುವ ವೆಚ್ಚ ಬಹುಮಟ್ಟಿಗೆ ಸಿದ್ಧವಾದ ಕಾರಿನ ಮಾರುಬೆಲೆಯನ್ನು ಮೀರುತ್ತದೆ.

ಮೂಲದ ಬೆಲೆ, ಕಾಗದದ ಬೆಲೆ

ಡಿಕ್ಕಿಯ ನೆಲಹಾಸನ್ನು ಎತ್ತಿದಾಗ ಕೆಂಪಿನ ಅಡಿಯಲ್ಲಿ ನೀಲಿ ಹಸಿರು ಬೆರೆತ ಬಣ್ಣ ಕಾಣಿಸಿತು. ಗೇಡನ್ ಎಂಬಲ್ಲಿರುವ ಬ್ರಿಟಿಷ್ ಮೋಟಾರು ವಸ್ತುಸಂಗ್ರಹಾಲಯದಲ್ಲಿ ಕಾರ್ಖಾನೆಯ ದಾಖಲೆಗಳಿವೆ. ಶುಲ್ಕ ಕಟ್ಟಿದರೆ ಕಾರು ಹುಟ್ಟಿದ ದಿನ, ಮೂಲ ಬಣ್ಣ, ಎಂಜಿನ್ ಸಂಖ್ಯೆಗಳನ್ನು ಪ್ರಮಾಣೀಕರಿಸಿದ ಪತ್ರ ಕೊಡುತ್ತಾರೆ. ಬಣ್ಣ ಬದಲಾದ ಕಾರಿಗೆ ಬೆಲೆ ಸ್ವಲ್ಪ ತಗ್ಗುತ್ತದೆ. ಎಂಜಿನ್ ಮೂಲದ್ದೇ ಆಗಿದ್ದರೆ ಏರುತ್ತದೆ.

ಮೂಲಸ್ಥಿತಿಗೆ ಜನ ಎಷ್ಟು ಬೆಲೆ ತೆರಬಲ್ಲರೆಂಬುದಕ್ಕೆ 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಒಂದು ಹರಾಜು ನಿದರ್ಶನ. ಪಶ್ಚಿಮ ಫ್ರಾನ್ಸಿನ ಬಾಯೋನ್ ಎಂಬ ಮನೆತನದ ಕೊಟ್ಟಿಗೆಗಳಲ್ಲಿ ದಶಕಗಳ ಕಾಲ ಧೂಳು ಹಿಡಿದು ನಿಂತಿದ್ದ ಸುಮಾರು ಅರವತ್ತು ಕಾರುಗಳು ಅಂದು ಮಾರಾಟವಾದವು. ಅವುಗಳಲ್ಲಿ ನಟ ಅಲೆನ್ ಡೆಲಾನ್ ಒಮ್ಮೆ ಬಳಸಿದ್ದ, ಮೇಲ್ಹೊದಿಕೆ ಮಡಚುವ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಒಂದಿತ್ತು. ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ ಹೂತುಹೋಗಿದ್ದ ಅದನ್ನು ತೊಳೆದು ಹೊಳಪಿಸದೆಯೇ ಹರಾಜಿಗಿಟ್ಟರು. ಅದಕ್ಕೆ ಬಂದ ಬೆಲೆ 1 ಕೋಟಿ 60 ಲಕ್ಷ ಯೂರೋಗಳಿಗೂ ಹೆಚ್ಚು. ಹೊಸ ಬಣ್ಣವನ್ನು ಎಷ್ಟು ಬಾರಿಯಾದರೂ ಬಳಿಯಬಹುದು. ಮೊದಲ ಬಣ್ಣ ಒಮ್ಮೆ ಮಾತ್ರ ಇರುತ್ತದೆ. ಆದರೆ ಆ ಮಾದರಿ ಹುಟ್ಟಿದ್ದೇ ಬೆರಳೆಣಿಕೆಯ ಡಜನುಗಳಲ್ಲಿ ಎಂಬುದನ್ನು ಮರೆತು, ಕೊಟ್ಟಿಗೆಯ ಧೂಳಿಗೇ ಬೆಲೆಯೆಂದು ಬಗೆಯಬಾರದು.

ಕಾಗದಗಳಿಗೂ ಬೆಲೆಯಿದೆ. ಆ ದೇಶದಲ್ಲಿ 40 ವರ್ಷ ದಾಟಿದ ವಾಹನಕ್ಕೆ ರಸ್ತೆ ತೆರಿಗೆಯ ವಿನಾಯಿತಿಯುಂಟು. 2018ರಿಂದ, ಮೂಲರೂಪ ಗಣನೀಯವಾಗಿ ಬದಲಾಗದ ಅಂಥ ವಾಹನಗಳಿಗೆ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಇದು ಮಾಲೀಕನಿಗೆ ಅನುಕೂಲ, ಕೊಳ್ಳುವವನಿಗೆ ಅಪಾಯ; ಏಕೆಂದರೆ ದೋಷವನ್ನು ವರ್ಷಕ್ಕೊಮ್ಮೆ ಹೊರಗೆಳೆಯುವವರೇ ಇಲ್ಲ. ಕಡ್ಡಾಯವಿಲ್ಲದಿದ್ದರೂ ತಪಾಸಣೆ ಮಾಡಿಸಿದ ಪತ್ರಗಳಿದ್ದರೆ ಕೊಳ್ಳುವವನಿಗೆ ನಂಬಿಕೆ ಬರುತ್ತದೆ. ವೈದ್ಯರು ಪ್ರತಿ ವರ್ಷವೂ ಮಾಡಿಸಿದ್ದರು. ಸುಮಾರು 40 ವರ್ಷಗಳಲ್ಲಿ ಹಾಕಿಸಿದ ಪೆಟ್ರೋಲು, ಬದಲಿಸಿದ ಎಣ್ಣೆ, ಓಡಿದ ಮೈಲಿಗಳನ್ನೆಲ್ಲ ಕನ್ನಡ ಅಂಕಿಗಳಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಕುಶಲಿಯವರಿಗೆ ಆ ಲಿಪಿ ಓದಲು ಬಾರದು. ಆದರೂ ಪುಟ ತಿರುವಿ, “ಇಂಥ ಮನುಷ್ಯನ ಕಾರನ್ನು ಕಣ್ಣು ಮುಚ್ಚಿ ಕೊಳ್ಳಬಹುದು” ಎಂದರು.

ಬೆಲೆಯಲ್ಲದ ಬೆಲೆಗಳು

ಕಾರಿನ ಪರೀಕ್ಷೆ ಮುಗಿದ ಮೇಲೆ ಅಂಕಿಗಳ ಪರೀಕ್ಷೆ ಆರಂಭವಾಯಿತು. ವಿಮೆಯ 18,000 ಪೌಂಡು ಎಂಬುದು ಮಾರುಬೆಲೆಯಲ್ಲ. ಕಾರು ನಾಶವಾದರೆ ಕೊಡುವುದಾಗಿ ಕಂಪನಿ ಮೊದಲೇ ಒಪ್ಪಿಕೊಂಡ ಮೊತ್ತ. ವ್ಯಾಪಾರಿಯ 5,000 ಪೌಂಡೂ ಬೆಲೆಯಲ್ಲ; ಅದು ಅವನ ದುರಸ್ತಿಯ ಖರ್ಚು, ಲಾಭ, ನಷ್ಟದ ಭಯ ಮೂರನ್ನೂ ಕಳೆದು ಉಳಿದದ್ದು. ತಂದೆ ಮಾಡಿದ ಖರ್ಚಿನ ಬಿಲ್ಲುಗಳ ಮೊತ್ತವೂ ಬೆಲೆಯಲ್ಲ. ಆ ಹಣಕ್ಕೆ ಪ್ರತಿಯಾಗಿ ಅವರು ಸುಮಾರು 40 ಬೇಸಿಗೆಗಳ ಸುಖವನ್ನು ಅನುಭವಿಸಿಯಾಗಿತ್ತು. ಸಂತೆಯಲ್ಲಿ ಕಾರುಗಳ ಗಾಜಿಗೆ ಅಂಟಿಸಿದ ಚೀಟಿಯ ಅಂಕಿಯೂ ಬೆಲೆಯಲ್ಲ. ಅದು ಕೇಳುವವನ ಆಸೆ. ಅದೇ ಮಾದರಿಯ, ಅದೇ ಸ್ಥಿತಿಯ ಕಾರನ್ನು ಒಬ್ಬನು ಇತ್ತೀಚೆಗೆ ಎಷ್ಟು ಕೊಟ್ಟು ಕೊಂಡನೋ ಅದೊಂದೇ ಬೆಲೆ.

ಋತುವೂ ಲೆಕ್ಕಕ್ಕೆ ಬರುತ್ತದೆ. ಮೇಲ್ಹೊದಿಕೆ ತೆಗೆಯುವ ಕಾರಿಗೆ ವಸಂತದಲ್ಲಿ ಗಿರಾಕಿಗಳು ಹೆಚ್ಚು, ಶರತ್ಕಾಲದಲ್ಲಿ ಕಡಿಮೆ. 2021ರಿಂದ ಬ್ರಿಟನ್ನಿನಲ್ಲಿ ಸಾಮಾನ್ಯ ಪೆಟ್ರೋಲಿಗೆ ಶೇಕಡಾ 10ರವರೆಗೆ ಎಥೆನಾಲ್ ಬೆರೆಸುತ್ತಾರೆ. ಅದು ಹಳೆಯ ರಬ್ಬರ್ ನಳಿಕೆಗಳನ್ನು ತಿನ್ನುವುದರಿಂದ ಅವನ್ನು ಬದಲಿಸಿದೆಯೇ ಎಂದು ಕೊಳ್ಳುವವರು ಕೇಳುತ್ತಾರೆ. ಎಲ್ಲಕ್ಕಿಂತ ದೊಡ್ಡದು ತಲೆಮಾರಿನ ಮಾತು. ಯೌವನದಲ್ಲಿ ಈ ಕಾರನ್ನು ಕನಸಿನಲ್ಲಿ ಕಂಡು, ನಡುವಯಸ್ಸಿನಲ್ಲಿ ಕೊಳ್ಳಲು ಶಕ್ತರಾದವರಿಗೆ ಈಗ ಎಪ್ಪತ್ತು ದಾಟಿದೆ. ಅವರು ಮಾರುವ ಪಂಕ್ತಿಯಲ್ಲಿ ನಿಂತಿದ್ದಾರೆ. ಕೊಳ್ಳುವ ಪಂಕ್ತಿ ಗಿಡ್ಡವಾಗುತ್ತಿದೆ.

ಕುಶಲಿಯವರು ಆ ವರ್ಷ ತಮಗೆ ತಿಳಿದಂತೆ ನಿಜವಾಗಿ ಮಾರಾಟವಾದ ಇಂಥ ನಾಲ್ಕು ಕಾರುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಮೈ ಗಟ್ಟಿಯಿದ್ದರೆ ಇದು 12,000 ಪೌಂಡು ಬಾಳುತ್ತಿತ್ತು ಎಂದರು. ಎಡಬದಿಯ ತೊಲೆಯನ್ನು ಕ್ರಮವಾಗಿ ಕತ್ತರಿಸಿ, ಹೊಸದು ಬೆಸೆದು, ಬಣ್ಣ ಬಳಿಸಲು 3,000 ಕಳೆದು, 9,000 ಎಂದು ನಿಲ್ಲಿಸಿದರು. ಮಗ ಮರುಮಾತಾಡದೆ, “ಆಗಲಿ ಕಾಕಾ, ತಂಗಿಗೆ 4,500” ಎಂದನು. ಅಳಿಯನೂ ಒಪ್ಪಿದನು. ಆಗ ಮಗಳು ಮೊದಲ ಬಾರಿಗೆ ಬಾಯಿ ತೆರೆದು, “ನನಗೆ ಅಪ್ಪಾರ ನೋಟ್‌ಬುಕ್ ಬೇಕು” ಎಂದಳು.

ನೋಟ್‌ಬುಕ್ಕು ಕಾರಿನ ಜೊತೆಯಲ್ಲೇ ಇದ್ದರೆ ಮುಂದೆ ಮಾರುವಾಗ ನೂರಾರು ಪೌಂಡು ಹೆಚ್ಚು ಬರುವುದೆಂದು ಕುಶಲಿಯವರು ಎಚ್ಚರಿಸಿದರು. ಮಗ ಒಂದು ಕ್ಷಣ ಯೋಚಿಸಿ, ಬಿಲ್ಲುಗಳ ಕಡತವನ್ನೂ ನೋಟ್‌ಬುಕ್ಕಿನ ನಕಲನ್ನೂ ತನಗೆ ಉಳಿಸಿಕೊಂಡು, ಮೂಲವನ್ನು ತಂಗಿಯ ಕೈಗಿಟ್ಟನು. ಕಾರಿನ ಬೆಲೆ ಆ ಮಟ್ಟಿಗೆ ತಗ್ಗಿತು; ಆ ನಷ್ಟವನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮನೆಯಲ್ಲಿ ಹಿರಿಯರ ವಸ್ತುಗಳಿರುವ ಬಂಧುಗಳು ಗಮನಿಸಬೇಕಾದುದು ಇಷ್ಟು. ಕಾರಾಗಲಿ, ಆಭರಣವಾಗಲಿ, ಹಳೆಯ ಮನೆಯಾಗಲಿ, ಪಾಲಿನ ಮಾತು ಬರುವ ಮುನ್ನವೇ ಅದನ್ನು ಬಲ್ಲವರಿಂದ, ಎಲ್ಲ ಹಕ್ಕುದಾರರ ಎದುರಿನಲ್ಲಿ, ಹಾಡುಹಗಲಿನಲ್ಲಿ ಪರೀಕ್ಷಿಸಿ ಬೆಲೆ ಕಟ್ಟಿಸಬೇಕು. ಹೊಳಪನ್ನು ನೋಡದೆ ಅಡಿಯನ್ನು ನೋಡಬೇಕು, ಆಸೆಯ ಅಂಕಿಯನ್ನೂ ಭಯದ ಅಂಕಿಯನ್ನೂ ಬದಿಗಿರಿಸಬೇಕು, ಕಾಗದಗಳನ್ನು ಜೋಪಾನವಾಗಿಡಬೇಕು. ನೆನಪಿಗೆ ಮಾರುಕಟ್ಟೆ ಬೆಲೆ ಕೊಡುವುದಿಲ್ಲ. ಅದರಿಂದ ನೆನಪಿಗೇನೂ ಕುಂದಿಲ್ಲ. ವಸ್ತುವಿನ ಬೆಲೆಯನ್ನು ಪ್ರಾಮಾಣಿಕವಾಗಿ ಬೇರ್ಪಡಿಸಿ ಹಂಚಿದಾಗಲೇ, ಹಂಚಲಾಗದ್ದು ಅಣ್ಣ ತಂಗಿಯರಿಬ್ಬರಿಗೂ ಪೂರ್ತಿಯಾಗಿ ಉಳಿಯುತ್ತದೆ.